ಅಂಚಿನ ತೊಗಲು

ತಪ್ಪು ಭೋಂಗಾದ್ದು, ತನ್ನದಲ್ಲ ಎಂದು ಗುರಣ್ಣ ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಸಿಟ್ಟು ಹೆಚ್ಚುತ್ತಿತ್ತು. ನಿನ್ನೆ ಸಂಜೆಯ ಸಿನೇಮಾ ಆಟದಲ್ಲಿ ನಾಯಕ, ಸಾಯುತ್ತಿರುವ ತಾಯಿಯ ಕಾಲು ಹಿಡಿದು ಮಾತಾಡುವ ಹೊತ್ತಿಗೆ ಪರದೆಯ ಹಿಂದೆ ದನಿ ಹೊರಡಿಸುವ ಭೋಂಗಾದಿಂದ ಬಂದದ್ದು ಮನುಷ್ಯನ ದನಿಯಾಗಿರಲಿಲ್ಲ. ತಗಡಿನ ಮೇಲೆ ಯಾರೋ ಜೋಳ ಸುರಿದ ಹಾಗೆ ಖರ್ರೆಂದಿತ್ತು. ಡೇರೆ ತುಂಬ ಜನ ಹೋ ಎಂದು ನಕ್ಕರು. ಸೆರಗು ಬಾಯಿಗೆ ಹಿಡಿದು ಅಳಲೆಂದೇ ನಿಂಬರ್ಗಾ, ಕಡಗಂಚಿಯಿಂದ ಗಾಡಿ ಕಟ್ಟಿಕೊಂಡು ಬಂದ ಹೆಂಗಸರೂ ನಕ್ಕರು. ಯಾವನೋ ಒಬ್ಬ ಮಷೀನಿನ ಕೋಣೆಯ ತಗಡಿಗೆ ಕಲ್ಲು ಒಗೆದ. ಒಳಗೆ ದೀಪದ ಕಾವಿನಲ್ಲಿ ಬೆವರುತ್ತ ನಿಂತಿದ್ದ ಗುರಣ್ಣನಿಗೆ ಅವರು ನಕ್ಕದ್ದು ಭೋಂಗಾಕ್ಕಲ್ಲ, ತನಗೇ ಅನ್ನಿಸಿತು. ಮಲಗಿದ ಮೇಲೂ ಆ ನಗು ಕಿವಿಯಲ್ಲೇ ಇತ್ತು.

ಈಗ ಆ ಭೋಂಗಾ ಡೇರೆಯ ಹಿಂದಿನ ಬೇವಿನ ನೆರಳಲ್ಲಿ ಗೋಣಿಯ ಮೇಲೆ ಅಂಗಾತ ಬಿದ್ದಿತ್ತು. ಊಟದ ಗಂಗಾಳಕ್ಕಿಂತ ಅಗಲವಾದ ಕಾಗದದ ಬಟ್ಟಲು, ಅದರ ಸುತ್ತ ಕಬ್ಬಿಣದ ಬಳೆ, ಇವೆರಡರ ನಡುವೆ ಬೆರಳಗಲದ ಮೆತ್ತನೆಯ ಅಂಚು. ದನಿ ಹುಟ್ಟಬೇಕಾದರೆ ಬಟ್ಟಲು ಹಿಂದೆ ಮುಂದೆ ಆಡಬೇಕು. ಆಡಲು ಬಿಟ್ಟೂ ಜಾರದಂತೆ ಹಿಡಿಯುವ ಕೆಲಸ ಆ ಅಂಚಿನದು. ಜೇವರ್ಗಿಯ ಬಿಸಿಲು, ಅಫಜಲಪುರದ ಧೂಳು ತಿಂದು ಅದು ಹಪ್ಪಳದ ಹಾಗೆ ಗಟ್ಟಿಯಾಗಿ ಅಲ್ಲಲ್ಲಿ ಸೀಳಿತ್ತು. ಲಡಾಯಿ ಶುರುವಾದಂದಿನಿಂದ ಮುಂಬಯಿಗೆ ಇಂಥ ಸಾಮಾನು ಬರುವುದೇ ನಿಂತಿತ್ತು. ಅಂಚು ತೊಗಲಿನದು, ವಿಲಾಯತಿಯ ಯಾವುದೋ ಆಡಿನದು. ತಾಮ್ರದ ತಂತಿ, ಹೊಳೆಯುವ ಬಲ್ಬು, ಇಂಗ್ಲಿಷ್ ಅಕ್ಷರ ಕೊರೆದ ಹಿತ್ತಾಳೆಯ ಬಿಲ್ಲೆ ಎಲ್ಲ ಇಟ್ಟುಕೊಂಡು ಈ ಹಾಳು ಯಂತ್ರ ಕೊನೆಗೆ ಬಂದು ನಿಂತದ್ದು ತೊಗಲಿಗೆ. ಗೊಬ್ಬೂರಿನಲ್ಲಿ ಅವನು ಹುಟ್ಟಿದ ಮನೆಯಲ್ಲಿ ತೊಗಲು ನೆನೆಹಾಕಿದ ಬಾನಿಯ ವಾಸನೆ ಬಿಟ್ಟರೆ ಬೇರೆ ಗಾಳಿ ಇರಲಿಲ್ಲ. ಮೀಸೆ ಮೂಡುವ ಮೊದಲೇ ಆ ವಾಸನೆಯಿಂದ ತಪ್ಪಿಸಿಕೊಂಡು ಸೋಲಾಪುರಕ್ಕೆ ಓಡಿ, ಇಮಾಮ ಉಸ್ತಾದನ ಕಾರ್ಖಾನೆಯಲ್ಲಿ ತಂತಿ ಬೆಸೆಯುವುದು, ಮಷೀನು ನಡೆಸುವುದು ಕಲಿತಿದ್ದ. ಅಲ್ಲಿಯೂ ಭೋಂಗಾಕ್ಕೆ ತೊಗಲು ಕೂಡಿಸುವ ಕೆಲಸ ಬಂದಾಗ ಹೊಟ್ಟೆನೋವೆಂದು ಹೊರಗೆ ಹೋಗಿಬಿಡುತ್ತಿದ್ದ. ಉಸ್ತಾದ ಒಮ್ಮೆ ನಕ್ಕು, ನಿನ್ನ ಹೊಟ್ಟೆಗೆ ತೊಗಲು ಕಂಡರೇ ನೋಯುತ್ತದಲ್ಲೋ ಎಂದಿದ್ದ. ಈಗ ಅದೇ ಕೆಲಸ ಮುಂದೆ ಬಿದ್ದಿದೆ, ಅದೊಂದೇ ಅವನಿಗೆ ಬಾರದು.

"ಏನ್ ಮಾಡಾಕತ್ತಿಯೋ ಗುರಣ್ಣ? ಅದರ ಮುಖಾನೇ ನೋಡ್ಕೋತ ಕುಂತ್ರ ಅದು ರಿಪೇರಿ ಆಗ್ತದೇನು?" ಡೇರೆ ಟಾಕೀಸಿನ ಸಾವಕಾರ ದೇವೀಂದ್ರಪ್ಪ ಧೋತರದ ಚುಂಗು ಹಿಡಿದುಕೊಂಡು ಬಂದ. ಹೊಲಮನೆ ಇರುವ ಆಸಾಮಿ, ಟಾಕೀಸು ಅವನ ಹುಚ್ಚು. ವರ್ಷಕ್ಕೊಮ್ಮೆ ಸ್ವಂತ ಊರಾದ ಆಳಂದದಲ್ಲಿ ಡೇರೆ ಹಾಕಿದಾಗ ಮಾತ್ರ ಊರಿನ ಮಂದಿಯ ಮುಂದೆ ತನ್ನ ಇಜ್ಜತ್ತಿನ ಚಿಂತೆ ಅವನಿಗೆ ಜೋರಾಗುತ್ತಿತ್ತು.

"ತೊಗ... ಅಂಚು ಹೋಗ್ಯಾದ್ರಿ ಸಾವಕಾರ್ರ. ಹೊಸದು ಕೂಡಿಸ್ಬೇಕು."

"ಕೂಡ್ಸು ಮತ್ತ. ಇವತ್ತ ಸಂಜಿ ಆಟಕ್ಕ ದನಿ ಸಾಫ್ ಬರಬೇಕು. ನಿನ್ನ ಕೈಲೆ ಆಗೂದಿಲ್ಲಂದ್ರ ಈಗೇ ಹೇಳಿಬಿಡು, ನಾಳಿ ಮುಂಜಾನಿ ಮೋಟರಿಗೆ ಹೋಗಿ ನಿನ್ನ ಉಸ್ತಾದನ್ನೇ ಕರ್ಕೊಂಡು ಬರ್ತೇನಿ. ಅಂವಾ ನಿನ್ನ ಕಲ್ಸಿದಂವ ಅಲ್ಲ? ಅಂವಗ ಬರ್ತದ."

"ಬ್ಯಾಡ್ರಿ," ಎಂದ ಗುರಣ್ಣ, ಬೇಕಾದ್ದಕ್ಕಿಂತ ಜೋರಾಗಿ. "ನಾನೇ ಮಾಡ್ತೇನಿ."

ಉಸ್ತಾದ ಕೆಟ್ಟವನಾಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಕೆಟ್ಟವನ ಬಾಯಿ ಮುಚ್ಚಿಸಲು ಏನಾದರೂ ದಾರಿ ಇರುತ್ತದೆ. ಇಮಾಮ ಉಸ್ತಾದ ಒಳ್ಳೆಯವನು, ಶಿಷ್ಯನ ಮೇಲೆ ಹೆಮ್ಮೆ ಇದ್ದವನು. ತೊಗಲು ಹದ ಮಾಡುವವನ ಮಗನನ್ನು ತಂದು ಮಷೀನಿನ ಮಿಸ್ತ್ರಿ ಮಾಡಿದೆ ಎಂದು ಸೋಲಾಪುರದ ಚಹಾದಂಗಡಿಗಳಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಇಲ್ಲಿ ಬಂದು ಸಾವಕಾರನ ಪಡಸಾಲೆಯಲ್ಲಿ ಕೂತರೆ ಮೊದಲ ಗುಟುಕು ಚಹಾಕ್ಕೇ ಅದನ್ನು ಹೇಳುತ್ತಾನೆ, ಅದೂ ಗುರಣ್ಣನ ಬೆನ್ನ ಮೇಲೆ ಪ್ರೀತಿಯಿಂದ ಕೈ ಇಟ್ಟುಕೊಂಡು. ಅಲ್ಲಿಗೆ ಎಲ್ಲ ಮುಗಿಯಿತು. ಕೆಲಸ ಹೋಗುವುದು ಒಂದು ಮಾತು. ಅದಕ್ಕಿಂತ ಶಾರದಾಬಾಯಿಯ ಮುಖ ಏನಾಗುತ್ತದೆಂಬುದೇ ಗುರಣ್ಣನಿಗೆ ದೊಡ್ಡ ಹೆದರಿಕೆ.

ಶಾರದಾಬಾಯಿ ದೇವೀಂದ್ರಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಹಾಗೆ ನೋಡಿದರೆ ಗುರಣ್ಣ ಯಾರಿಗೂ ಒಂದು ಮಾತೂ ಸುಳ್ಳು ಹೇಳಿರಲಿಲ್ಲ. ಹೆಸರೇನು ಎಂದರು, ಗುರಣ್ಣ ಎಂದ. ಆ ಹೆಸರು ಸಾವಕಾರರ ಓಣಿಯಲ್ಲಿ ಮನೆಗೊಂದು ಇರುತ್ತದೆ, ಅವನ ಓಣಿಯಲ್ಲೂ ಇರುತ್ತದೆ. ಇಟ್ಟವರು ಯಾವ ಗುರುವನ್ನು ನೆನೆದು ಇಟ್ಟರೋ ಕೇಳುವವರಿಗೆ ಗೊತ್ತಾಗುವುದಿಲ್ಲ. ಯಾರ ಪೈಕಿ ಎಂದಾಗ ಗೊಬ್ಬೂರ ಕಡೆಯವರು ಎಂದ. ಅದೂ ಖರೆಯೇ. ದೇವೀಂದ್ರಪ್ಪ ತಲೆಯಾಡಿಸಿ, ನಮ್ಮವನೇ ಎಂದು ತಾನೇ ತೀರ್ಮಾನಿಸಿದ. ಆಮೇಲೆ ಮೊದಲ ಸಲ ಮನೆಗೆ ಊಟಕ್ಕೆ ಹೋದ ದಿನ ಶಾರದಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕೊಳ್ಳಾಗ ಲಿಂಗ ಅದ ಇಲ್ಲಪಾ? ಪರದೇಶ ತಿರುಗೋ ಹುಡುಗ್ರು ಹಾಕ್ಕೊಳ್ಳೂದೇ ಬಿಟ್ಟಾರ" ಎಂದು ಕೇಳಿದ್ದಳು. ಅವನು ಬಾಯಿ ತೆರೆಯಲಿಲ್ಲ. ಕೈ ಮಾತ್ರ ತಾನಾಗಿ ಎದೆಗೆ ಹೋಯಿತು. ಅಂಗಿಯ ಒಳಜೇಬಿನಲ್ಲಿ ಮಷೀನಿನ ಸ್ಕ್ರೂ ಹಾಕಿಡುವ ಪುಟ್ಟ ಡಬ್ಬಿ ಇತ್ತು, ಬಟ್ಟೆಯ ಮೇಲೆ ಅದರ ಗುಂಡನೆಯ ಉಬ್ಬು ಲಿಂಗದ ಕರಡಿಗೆಯಂತೆ ಕಾಣುತ್ತಿತ್ತು. ಅವಳ ಮುಖ ಅರಳಿತು, ಮತ್ತೊಂದು ರೊಟ್ಟಿ ಹಾಕಿದಳು. ಆವತ್ತಿನಿಂದ ಅವಳ ಅಡುಗೆಮನೆಯ ಬಾಗಿಲವರೆಗೂ ಅವನಿಗೆ ಪ್ರವೇಶ. ಪೂಜೆ ಡೇರೆಯಲ್ಲೇ ಮುಗಿಸಿ ಬಂದೆ ಎಂಬಂತೆ ಹಣೆಗೆ ವಿಭೂತಿ ಬಳಿದುಕೊಂಡು ಹೋಗುತ್ತಿದ್ದ, ಅವಳ ಎದುರು ಎಂದೂ ಅಂಗಿ ತೆಗೆಯುತ್ತಿರಲಿಲ್ಲ. ಆ ರೊಟ್ಟಿಯ ರುಚಿ ಬಾಯಲ್ಲಿರುವಾಗಲೇ ತನ್ನ ಮೇಲೆ ತನಗೆ ಅಸಹ್ಯ ಬರುತ್ತಿತ್ತು. ಆದರೂ ಮರುದಿನ ಅದೇ ಹೊತ್ತಿಗೆ ಹಸಿವೆಯಾಗುತ್ತಿತ್ತು.

ತೊಗಲು ತರದೆ ಬೇರೆ ಹಾದಿ ಇರಲಿಲ್ಲ. ಬಟ್ಟೆ ಅಂಟಿಸಿ ನೋಡಿದ್ದಾಗಿತ್ತು, ದನಿ ಗುಯ್‌ಗುಟ್ಟಿತು. ಊರ ಕೆಳಗಿನ ಹಳ್ಳದ ದಂಡೆಗೆ ತೊಗಲಿನ ಓಣಿ. ಮಸೀದಿ ದಾಟಿ, ಸಂತೆಯ ಬಯಲು ದಾಟಿ ಇಳಿಯುತ್ತ ಹೋದಂತೆ ಗಾಳಿಯಲ್ಲಿ ಆ ವಾಸನೆ ಹತ್ತಿಕೊಂಡಿತು. ಮೂಗು ಮುಚ್ಚಿಕೊಳ್ಳಬೇಕೆಂದು ಗುರಣ್ಣ ಹೆಗಲ ಮೇಲಿನ ವಸ್ತ್ರ ತೆಗೆದ. ಮೇಲಿನ ಓಣಿಯವರು ಹಾಗೇ ಮಾಡುವುದು. ಆದರೆ ಮೂಗಿಗೆ ಅದು ಕೆಟ್ಟದ್ದು ಅನ್ನಿಸಲೇ ಇಲ್ಲ. ಮನೆಗೆ ಬಂದಂತಾಯಿತು. ಅದಕ್ಕೆ ಇನ್ನಷ್ಟು ರೇಗಿ ವಸ್ತ್ರವನ್ನು ಒತ್ತಿ ಹಿಡಿದ. ಅಫಜಲಪುರದಲ್ಲಿ ಡೇರೆ ಹಾಕಿದಾಗ ಗೊಬ್ಬೂರಿನವರು ಯಾರಾದರೂ ಬಂದು ಗುರುತು ಹಿಡಿದಾರೆಂದು ಹಗಲು ಹೊತ್ತು ಅವನು ಹೊರಗೆ ಮುಖ ತೋರಿಸಿರಲಿಲ್ಲ. ಒಂದು ಸಂಜೆ ಮಷೀನಿನ ಕಿಂಡಿಯಲ್ಲಿ ಇಣುಕಿದಾಗ ನೆಲದ ಮೇಲೆ ಕೂತ ಮಂದಿಯಲ್ಲಿ ಅವ್ವ ಕಂಡಳು. ಗೊಬ್ಬೂರಿನಿಂದ ನಡೆದುಕೊಂಡೇ ಬಂದಿರಬೇಕು. ಯಾರನ್ನೂ ಏನೂ ಕೇಳಿರಲಿಲ್ಲ, ಮಿಸ್ತ್ರಿ ನನ್ನ ಮಗ ಎಂದು ಹೇಳಿರಲಿಲ್ಲ. ಅವ್ವ ಮಲ್ಕಮ್ಮನಿಗೆ ಅಷ್ಟು ತಿಳಿಯುತ್ತದೆ. ಪರದೆಯ ಮೇಲೆ ಕುಣಿತ ನಡೆದಿತ್ತು, ಮಂದಿಯೆಲ್ಲ ಬಾಯಿ ತೆರೆದು ಆ ಕಡೆ ನೋಡುತ್ತಿದ್ದರು. ಅವಳೊಬ್ಬಳೇ ಬೆನ್ನು ತಿರುಗಿಸಿ ಕೂತು, ಬೆಳಕು ಬರುವ ಕಿಂಡಿಯನ್ನೇ ಆಟ ಮುಗಿಯುವವರೆಗೆ ನೋಡಿದಳು. ಬೆಳಕು ಕಣ್ಣಿಗೆ ಕುಕ್ಕುವುದರಿಂದ ಅವಳಿಗೆ ಏನೂ ಕಂಡಿರಲಾರದು. ಅವನು ಹೊರಗೆ ಬರಲಿಲ್ಲ. ರೀಲು ಬದಲಿಸುವುದಿತ್ತು ಎಂದು ಈಗಲೂ ತನಗೆ ಹೇಳಿಕೊಳ್ಳುತ್ತಾನೆ.

ಹಲಗೆ, ಡೋಲಿಗೆ ತೊಗಲು ಬಿಗಿಯುವ ದತ್ತಪ್ಪ ಮುದುಕ. ಮನೆಯ ಮುಂದಿನ ಹುಣಸೆಯ ಕೆಳಗೆ ಕೂತಿದ್ದವನು ಬಿಳಿ ಅಂಗಿ ಕಂಡದ್ದೇ ಎದ್ದು, ಹಿಂದೆ ಸರಿದು ನಿಂತ.

"ಆಡಿನ ತೊಗಲು ಬೇಕಾಗ್ಯಾದ," ಎಂದ ಗುರಣ್ಣ ದೂರದಿಂದಲೇ. "ಎಳೇ ಮರಿದು. ಎಲಿಯಷ್ಟು ತೆಳ್ಳಗ ಇರಬೇಕು."

"ಅದ ರೀ ಧಣಿ. ಕಂಜರ ಬಿಗಿಯಾಕಂತ ಇಟ್ಟಿದ್ದೆ." ಮುದುಕ ಒಳಗೆ ಹೋಗಿ ಒಂದು ತುಂಡು ತಂದು, ಬೇಲಿಯ ಗೂಟಕ್ಕೆ ತೂಗುಹಾಕಿ ಮತ್ತೆ ಹಿಂದೆ ಸರಿದ. ಗುರಣ್ಣ ತೆಗೆದುಕೊಂಡ. ಅದು ಮೆತ್ತಗಿತ್ತು, ಹದ ಚೆನ್ನಾಗಿತ್ತು. ಬೆರಳಿನ ನಡುವೆ ಹೊರಳಿಸಿದ, ಬಿಸಿಲಿಗೆ ಹಿಡಿದ. ಎಳೆದರೆ ಎಷ್ಟು ಬರುತ್ತದೆ ನೋಡಬೇಕಿತ್ತು. ಒಂದು ಕೈಯಲ್ಲಿ, ಬರುವಾಗ ಪೇಟೆಯಲ್ಲಿ ಕೊಂಡ ಅಂಟಿನ ಡಬ್ಬಿ ಇತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ತೊಗಲಿನ ಒಂದು ಅಂಚನ್ನು ಮುಂಬಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಕೈಯಿಂದ ಜಗ್ಗಿದ್ದ. ಅಪ್ಪ ಹಾಗೇ ಮಾಡುತ್ತಿದ್ದ. ಓಣಿಯ ಎಲ್ಲರೂ ಹಾಗೇ ಮಾಡುತ್ತಿದ್ದರು. ಬಾಯಲ್ಲಿ, ತೊಗಲು ಹದ ಮಾಡುವ ತಂಗಡಿ ತೊಗಟೆಯ ಒಗರು ಹರಡಿದಾಗ ಎಚ್ಚರವಾಗಿ, ಥೂ ಎಂದು ಉಗುಳಿದ.

ದತ್ತಪ್ಪ ನೋಡುತ್ತಿದ್ದ. ಮುಖದಲ್ಲಿ ನಗು ಇರಲಿಲ್ಲ. "ಅದು ಯಾತಕ್ಕ ಹಾಕ್ತೀರಿ?" ಎಂದ.

"ಟಾಕೀಸಿನ ಭೋಂಗಾಕ್ಕ. ಸುತ್ತ ಅಂಚು ಕೂಡಿಸೂದು."

"ದುಂಡಗ ಕೂಡಿಸೂದಂದ್ರ ಒಬ್ಬರ ಕೈಲೆ ಆಗೂ ಕೆಲಸ ಅಲ್ರಿ. ಒಬ್ರು ಹಿಡಿಬೇಕು. ನಾ ಬರಲೇನು?"

ಬಾ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಈ ಮುದುಕ ಮುಂದೆ ಕೂತರೆ ಕೆಲಸವೂ ಆಗುತ್ತದೆ, ಮನಸ್ಸೂ ಹಗುರಾಗುತ್ತದೆ. ಆದರೆ ಡೇರೆಯ ಹಿಂದೆ ಇವನ ಜೊತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದನ್ನು ಯಾರಾದರೂ ಕಂಡರೆ? ತಾನು ತೊಗಲನ್ನು ಹಲ್ಲಲ್ಲಿ ಕಚ್ಚಿ ಜಗ್ಗಿದ್ದನ್ನು ಮುದುಕ ನೋಡಿದ್ದಾನೆ. ಗುರಣ್ಣನಿಗೆ ಹೆದರಿಕೆ ಹತ್ತಿತು, ಹೆದರಿಕೆ ಬಾಯಿಗೆ ಬರುವಾಗ ಬೇರೆಯೇ ರೂಪ ತಾಳಿತು. "ನೀ ಅಲ್ಲಿ ಬಂದ್ರ ಮಂದಿ ಏನಂದಾರು? ಖಬರ್ ಅದ ಇಲ್ಲೋ ನಿನಗ? ದೂರ ನಿಂದರಲೇ!" ಎಂದುಬಿಟ್ಟ. ಅಪ್ಪನ ವಯಸ್ಸಿನವನಿಗೆ. ದೇವೀಂದ್ರಪ್ಪನೂ ಆ ದನಿಯಲ್ಲಿ ಯಾರಿಗೂ ಹಾಗೆ ಅಂದದ್ದನ್ನು ಅವನು ಕೇಳಿರಲಿಲ್ಲ.

"ಆತು ತಮ್ಮಾ," ಎಂದ ದತ್ತಪ್ಪ.

ಅಷ್ಟೇ. ಇಷ್ಟು ಹೊತ್ತು ಧಣಿ ಅನ್ನುತ್ತಿದ್ದವನು ತಮ್ಮಾ ಅಂದ. ಗುರಣ್ಣ ಗೂಟದ ಬುಡದಲ್ಲಿ ದುಡ್ಡಿಟ್ಟು, ಬಿರಬಿರ ನಡೆದು ಏರು ಹತ್ತಿದ. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮುದುಕ ಬೈದಿದ್ದರೆ, ಊರಿಗೆಲ್ಲ ಹೇಳುತ್ತೇನೆ ಎಂದು ಹೆದರಿಸಿದ್ದರೆ ತಾನೂ ತಿರುಗಿ ಬೈಯಬಹುದಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನ ಜೊತೆ ಜಗಳಾಡಿದ. ನಿನಗೇನು ಗೊತ್ತು, ನೀನು ಹುಣಸೆಮರ ಬಿಟ್ಟು ಕದಲಿದವನಲ್ಲ, ಮಷೀನಿನ ಮುಂದೆ ನಿಲ್ಲಬೇಕಾದರೆ ಏನೇನು ನುಂಗಬೇಕು ನಿನಗೇನು ಗೊತ್ತು. ಸಂತೆಯ ಬಯಲಿನಲ್ಲಿ ಯಾರೋ, ಏನ್ ಮಿಸ್ತ್ರಿ, ಇವತ್ತರೇ ದನಿ ಬರ್ತದೇನು ಎಂದು ಕೂಗಿ ನಕ್ಕರು. ಕಂಕುಳಲ್ಲಿ ವಸ್ತ್ರದಲ್ಲಿ ಸುತ್ತಿದ ತೊಗಲು ಬೆಚ್ಚಗಿತ್ತು.

ಬೇವಿನ ಕೆಳಗೆ ಕೂತು ಕತ್ತರಿಸಿದ. ಹಳೆಯ ಅಂಚನ್ನು ಕೆರೆದು ತೆಗೆದ. ಬಟ್ಟಲಿನ ನಡುವೆ, ಕಾಂತದ ಸಂದಿಯಲ್ಲಿ ಆಡುವ ತಂತಿಯ ಸುರುಳಿ ಒಂದು ಕೂದಲೆಳೆಯೂ ಪಕ್ಕಕ್ಕೆ ಸರಿಯಬಾರದು, ಸರಿದರೆ ತಿಕ್ಕುತ್ತದೆ; ಅದಕ್ಕೆ ಹಳೆಯ ಕಾರ್ಡಿನ ಚೂರುಗಳನ್ನು ಸುತ್ತ ಸಿಕ್ಕಿಸಿದ. ಇಷ್ಟು ಅವನಿಗೆ ಗೊತ್ತಿತ್ತು. ಆಮೇಲೆ ಸರೇಸಿನ ಅಂಟು ಬಳಿದು ತೊಗಲು ಇಟ್ಟ. ಈ ಕಡೆ ಒತ್ತಿದರೆ ಆ ಕಡೆ ಏಳುತ್ತಿತ್ತು. ಆ ಕಡೆ ಒತ್ತಲು ಹೋದರೆ ಇಲ್ಲಿ ನೆರಿಗೆ ಬೀಳುತ್ತಿತ್ತು. ಮೊಣಕೈಯಿಂದ ಒಂದು ಬದಿ ಅದುಮಿ, ಗದ್ದದಿಂದ ಇನ್ನೊಂದು ಬದಿ ಹಿಡಿದು, ಕೈಯಿಂದ ಮೂರನೆಯದನ್ನು ಎಳೆದ. ಅಂಟು ಗಡ್ಡಕ್ಕೆ ಮೆತ್ತಿತು. ಒಂದಿಷ್ಟು ಬಲವಾಗಿ ಎಳೆದದ್ದಕ್ಕೆ ಬಟ್ಟಲು ವಾಲಿತು. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಖರ್. ಕಿತ್ತು ಹಾಕಿದ. ಮತ್ತೆ ಕತ್ತರಿಸಿದ, ಮತ್ತೆ ಬಳಿದ, ಮತ್ತೆ ಖರ್. ತೊಗಲು ಮುಗಿಯುತ್ತ ಬಂದಿತ್ತು. ನೆರಳು ಸರಿದು ಬಿಸಿಲು ಬೆನ್ನಿಗೆ ಬಂತು. ಕತ್ತರಿಯನ್ನು ಎತ್ತಿ ಬೇವಿನ ಬೊಡ್ಡೆಗೆ ಒಗೆದ. ಒಗೆದ ಮೇಲೆ ತಾನೇ ಎದ್ದು ಹೋಗಿ ತರಬೇಕಾಯಿತು. ಸೋಲಾಪುರದಲ್ಲಿ ಹೊಟ್ಟೆನೋವೆಂದು ಹೊರಗೆ ಕೂತ ಮಧ್ಯಾಹ್ನಗಳೆಲ್ಲ ಈಗ ಒಟ್ಟಿಗೆ ಬಂದು ಅವನ ತಲೆಯ ಮೇಲೆ ಕೂತಂತಿತ್ತು.

"ಬೆಳಗ್ಗಿಂದ ಒಂದ್ ತುತ್ತು ಉಂಡಿಲ್ಲಂತಲ್ಲೋ." ಶಾರದಾಬಾಯಿ ಬುತ್ತಿ ಹಿಡಿದುಕೊಂಡು ತಾನೇ ಬಂದಿದ್ದಳು. "ನಮ್ಮ ದೇವೀಂದ್ರನ ಬಾಯಿ ಹಂಗೇ. ಅಂವನ ಮಾತಿಗೆ ಉಪವಾಸ ಬೀಳ್ತಾರೇನು? ಬಾ, ಕೆನಿ ಮೊಸರು ತಂದೀನಿ."

"ಆಮ್ಯಾಲ ಉಣ್ತೇನ್ರಿ ಅವ್ವಾರ. ಇದೊಂದು ಕೂಡವಲ್ದು."

ಅವಳು ಬಗ್ಗಿ ನೋಡಿದಳು. ಅವನ ಗಡ್ಡಕ್ಕೆ ಹತ್ತಿದ ಅಂಟನ್ನು ಕಂಡು ನಕ್ಕಳು. ಬುತ್ತಿಯನ್ನು ಬೇರಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತೇಬಿಟ್ಟಳು. "ಎಲ್ಲಿ ಹಿಡಿಬೇಕು ಹೇಳು. ಹಪ್ಪಳ, ಸಂಡಿಗಿ ಜಗ್ಗಿ ಜಗ್ಗಿ ಹಾಕಿದ ಕೈ ಇವು."

"ಬ್ಯಾಡ್ರಿ."

"ಯಾಕ ಬ್ಯಾಡ? ನನ್ನ ಕೈಗೇನಾಗ್ಯಾದ?" ಅಷ್ಟರಲ್ಲೇ ಅವಳ ಬೆರಳು ತೊಗಲಿನ ಮೇಲೆ ಇತ್ತು. "ಅಬ್ಬಾ, ಎಷ್ಟ್ ಮೆತ್ತಗದ! ಏನೋ ಇದು?"

ಹೇಳಬಹುದಿತ್ತು. ಹೇಳಿದ್ದರೆ ಅವಳು ಕೈ ಹಿಂದಕ್ಕೆಳೆದುಕೊಂಡು ಎದ್ದು ಹೋಗುತ್ತಿದ್ದಳು, ಸಂಜೆ ಭೋಂಗಾ ಖರ್ರೆನ್ನುತ್ತಿತ್ತು, ನಾಳೆ ಉಸ್ತಾದ ಬರುತ್ತಿದ್ದ. "ವಿಲಾಯತಿ ಅರಬಿ ರೀ, ತೆಳು ಬಟ್ಟಿ," ಎಂದ ಗುರಣ್ಣ. ಇಷ್ಟು ದಿನ ಬಾಯಿ ಬಿಟ್ಟು ಹೇಳಿರದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಅವಳು ಎರಡೂ ಕೈಗಳ ಬೆರಳುಗಳನ್ನು ಬಿಡಿಸಿ ಬಟ್ಟಲಿನ ಸುತ್ತ ಹಗುರಾಗಿ ಒತ್ತಿ ಹಿಡಿದಳು, ಅವನು ತೊಗಲನ್ನು ಎಳೆಯದೆ, ಮಲಗಿಸುತ್ತ ಹೋದ. ಅವಳ ಬೆರಳು ಎದ್ದಲ್ಲಿ ಅವನ ಬೆರಳು ಕೂತಿತು. ಅವಳು ಅಭ್ಯಾಸಬಲದಿಂದ ಬಾಯೊಳಗೇ ಯಾವುದೋ ವಚನ ಗುನುಗುತ್ತಿದ್ದಳು. ಒಮ್ಮೆ ಅವಳ ತಲೆ ಅವನ ತಲೆಗೆ ತಾಗಿತು. ಕೊಬ್ಬರಿ ಎಣ್ಣೆಯ ವಾಸನೆ, ಅದರ ಕೆಳಗೆ ತೊಗಲಿನ ವಾಸನೆ. ಗೊತ್ತಿಲ್ಲದವಳ ಕೈಗೆ ಇದನ್ನು ಮುಟ್ಟಿಸಿದ ಪಾಪ ತನ್ನದು ಎಂದು ಒಂದು ಕಡೆ ಎದೆ ಕುಟ್ಟುತ್ತಿತ್ತು. ಮುಟ್ಟಿದರೆ ಏನಾಯಿತು, ಕೈ ಉದುರಿಬಿತ್ತೇ ಎಂದು ಇನ್ನೊಂದು ಕಡೆ ಸಿಟ್ಟು ಕುದಿಯುತ್ತಿತ್ತು. ಇವೆರಡರ ನಡುವೆಯೂ, ನಾಚಿಕೆಯಿಲ್ಲದೆ, ಅವನಿಗೆ ಬಹಳ ದಿನಗಳ ಮೇಲೆ ಸುಖವೆನ್ನಿಸಿತು.

ಅಂಟು ಬಿಸಿಲಿಗೆ ಬೇಗ ಬಿಗಿಯಿತು. ಕಾರ್ಡಿನ ಚೂರು ತೆಗೆದು ಒತ್ತಿದರೆ ಬಟ್ಟಲು ಸದ್ದಿಲ್ಲದೆ ಹೋಗಿ ಬಂತು. ಇಳಿಹೊತ್ತಿಗೆ ಪರದೆಯ ಹಿಂದೆ ಕೂಡಿಸಿ, ಆಟಕ್ಕೆ ಮೊದಲು ಹಾಕುವ ರೆಕಾರ್ಡು ಹಚ್ಚಿದ. ತಬಲಾದ ಡಗ್ಗಾ ಖಾಲಿ ಡೇರೆಯ ನೆಲಕ್ಕೆಲ್ಲ ಗುಂಯ್ ಎಂದು ಹರಡಿ ಅಂಗಾಲಿಗೆ ತಾಗಿತು. ದೇವೀಂದ್ರಪ್ಪ ಬಾಗಿಲಲ್ಲಿ ನಿಂತವನು ಓಡಿಬಂದು ಅವನ ಹೆಗಲು ಅಪ್ಪಿಕೊಂಡ. "ಭಲೇ! ಇನ್ನ ಯಾವ ಉಸ್ತಾದನೂ ಬ್ಯಾಡ ನಮಗ. ಜೇವರ್ಗಿ, ಅಫಜಲಪುರ ಎಲ್ಲಾ ಕಡಿ ನೀನೇ. ನಡಿ, ಮನಿಗೆ ಹೋಗಿ ಉಂಡು ಬಾ, ಇನ್ನೂ ಹೊತ್ತದ." ಗೆದ್ದೆ ಎಂದುಕೊಂಡ ಗುರಣ್ಣ. ಸಾಯುವವರೆಗೂ ಯಾರಿಗೂ ತಿಳಿಯುವುದು ಬೇಕಿಲ್ಲ. ಆದರೆ ಗೆದ್ದವನಿಗೆ ಆಗಬೇಕಾದ ಸಂತೋಷ ಎಲ್ಲಿ ಹೋಗಿತ್ತೋ, ಹುಡುಕಿದರೂ ಸಿಗಲಿಲ್ಲ. ಮನೆಯ ಅಂಗಳಕ್ಕೆ ಕಾಲಿಡುವಾಗ ದೇವೀಂದ್ರಪ್ಪ ಒಳಗೆ ಕೂಗಿ ಹೇಳಿದ:

"ಅಕ್ಕಾ, ನಿನ್ನ ಮಗ ಗೆದ್ದ ನೋಡು! ಸಂತಿ ಬೈಲಾಗ ಮಂದಿ ಹೇಳಾಕತ್ತಿದ್ರು, ಆ ದತ್ತ್ಯಾನ ಕಡಿಂದ ಆಡಿನ ತೊಗಲು ತಂದು ಕೂಡಿಸ್ಯಾನಂತ. ಶ್ಯಾಣ್ಯಾ ಅದಾನ!" ಅವನಿಗೆ ಅದು ನಗುವ ಮಾತು. ನಗುತ್ತಲೇ ಕೈಕಾಲು ತೊಳೆಯಲು ಹಿತ್ತಿಲ ಬಾವಿಗೆ ಹೋದ.

ಶಾರದಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡೂ ಅಂಗೈಗಳನ್ನು ಎತ್ತಿ ನೋಡಿಕೊಂಡಳು. "ತೊಗಲೇನೋ ಅದು?" ಎಂದಳು. ಗುರಣ್ಣ ತಲೆ ತಗ್ಗಿಸಿದ. ಅವಳು ಒಳಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಎದ್ದು ಓಡಬೇಕೆನ್ನಿಸಿದರೂ ಗುರಣ್ಣ ಕಟ್ಟೆಯ ಮೇಲೆ ಕೂತೇ ಇದ್ದ. ಒದ್ದೆ ಕೂದಲು, ಬೇರೆ ಸೀರೆಯಲ್ಲಿ ಹೊರಗೆ ಬಂದವಳ ಕೈಯಲ್ಲಿ ತಂಬಿಗೆ ಇತ್ತು, ಮುಖದಲ್ಲಿ ಅವನು ಹೆದರಿದ್ದ ಸಿಟ್ಟು ಇರಲಿಲ್ಲ.

"ನಾ ಹಿಡಿಯೂದಿಲ್ಲಂತ ಸುಳ್ಳು ಹೇಳಿದಿ, ಹೌದಿಲ್ಲೋ? ಹುಚ್ಚಪ್ಪ. ಹೇಳಿದ್ರ ಹಿಡೀತಿದ್ದಿಲ್ಲ, ಅದೂ ಖರೆ. ಶರಣ್ರು ಇಂಥಾದ್ದೆಲ್ಲಾ ಇಲ್ಲಂದಾರ. ಆದ್ರ ನನ್ನ ಮನಸ್ಸು ಒಪ್ಪವಲ್ದು, ಏನ್ ಮಾಡ್ಲಿ?" ಎಂದಳು. "ನಡಿ, ನೀನೂ ಮುಟ್ಟಿದಿ, ಅವರ ಓಣಿಗೆ ಹೋಗಿ ಬಂದಿ. ಬಿಸಿನೀರು ಕಾಸೀನಿ, ತಲಿ ಮ್ಯಾಲ ಹಾಕ್ತೇನಿ, ಹಗರ ಆಗ್ತದ."

ಅಂಗಳದ ಮೂಲೆಯ ಬಚ್ಚಲ ಕಲ್ಲಿನ ಮೇಲೆ ಅವನನ್ನು ಕೈಹಿಡಿದು ಕೂಡಿಸಿದಳು. ಮೊದಲ ತಂಬಿಗೆ ತಲೆಗೆ ತಾಗಿಕೊಂಡೇ ಸುರಿಯಿತು. ಅವಳು ಬಗ್ಗಿ, ಇನ್ನೊಂದು ಕೈಯಿಂದ ಕೂದಲು ಉಜ್ಜಿ, ಕಿವಿಯ ಹಿಂದೆ ತಿಕ್ಕಿ, ಗಡ್ಡಕ್ಕೆ ಹತ್ತಿದ ಅಂಟನ್ನು ಉಗುರಿನಿಂದ ಕೆರೆದಳು. "ಅಂಗಿ ತಗಿಯೋ. ತೋಯ್ಸಿಕೊಂಡು ಕುಂತಿ. ನನ್ನ ಮುಂದ ಎಂಥಾ ನಾಚಿಕಿ?" ಗುರಣ್ಣ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಇದೊಂದು ಕ್ಷಣ ಬಿಗಿಯಾಗಿ ಹಿಡಿದುಕೊಂಡರೆ ಸಾಕು. ಆಟಕ್ಕೆ ಹೊತ್ತಾಯಿತು ಎಂದು ಎದ್ದರೆ ಸಾಕು. ಉಸ್ತಾದ ಬರುವುದಿಲ್ಲ, ಭೋಂಗಾ ಗಟ್ಟಿಯಾಗಿದೆ, ನಾಳೆ ಇದೇ ಹೊತ್ತಿಗೆ ಮತ್ತೆ ರೊಟ್ಟಿ ಇದೆ. ಅವಳ ಬೆರಳು ಇನ್ನೂ ಅವನ ಕೂದಲಿನಲ್ಲಿತ್ತು. ಯಾರ ತಲೆಯನ್ನು ಇವಳು ಉಜ್ಜುತ್ತಿದ್ದಾಳೆ? ಯಾರನ್ನು ಯಾರಿಂದ ತೊಳೆಯುತ್ತಿದ್ದಾಳೆ? ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಯಾರ ಮೇಲೆಂದು ತಿಳಿಯದೆ ಮೈತುಂಬ ಏರಿತು. ಆ ಸಿಟ್ಟಿನಲ್ಲೇ ಗುಂಡಿ ಬಿಚ್ಚಿದ. ಅಂಗಿ ತೆಗೆದು ಕಲ್ಲಿನ ಪಕ್ಕಕ್ಕೆ ಬಡಿದು, ಅವಳ ಕಡೆ ತಿರುಗಿ ಕೂತ.

ಅವಳು ನೋಡಿದಳು. ಕೊರಳು, ಎದೆ, ಮತ್ತೆ ಕೊರಳು. ತಂಬಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಕೆಲಸದಾಗ ಎಲ್ಲಿರೇ ಜಾರಿ ಬಿತ್ತೇನೋ?" ಎಂದಳು. ಮತ್ತೆ ತಾನೇ, "ಡೇರೇದಾಗ ಬಿಚ್ಚಿಟ್ಟು ಬಂದಿಯೇನಪಾ? ಹಂಗ ಮರೀತಾರ ಒಮ್ಮೊಮ್ಮೆ. ಮರತಿಯೇನು?" ಎಂದಳು. ದನಿ ಬೇಡಿಕೊಳ್ಳುತ್ತಿತ್ತು. ಹೂಂ ಅನ್ನು, ನಾನು ನಂಬುತ್ತೇನೆ ಎನ್ನುತ್ತಿತ್ತು.

"ಇಲ್ರೀ ಅವ್ವಾ. ನನ್ನ ಕೊಳ್ಳಾಗ ಯಾವತ್ತೂ ಇದ್ದಿಲ್ಲ. ನಮ್ಮಪ್ಪ ಗೊಬ್ಬೂರಾಗ ತೊಗಲು ಹದ ಮಾಡ್ತಾನ. ದತ್ತಪ್ಪ ಮಾಡಿದಂಗೇ."

ಅವಳು ಚೀರಲಿಲ್ಲ. ತಮ್ಮನನ್ನು ಕೂಗಲಿಲ್ಲ. ತುಟಿ ಒಮ್ಮೆ ಅಲುಗಿತು, ಕಣ್ಣು ತುಂಬಿತು. ಗುರಣ್ಣ ಕಣ್ಣು ಮುಚ್ಚಿ, ಇನ್ನು ಎದ್ದು ಹೋಗು ಎನ್ನುವ ಮಾತಿಗೆ ಕಾದ. ಹಂಡೆಯಲ್ಲಿ ತಂಬಿಗೆ ಅದ್ದಿದ ಸದ್ದಾಯಿತು. ಮತ್ತೆ ನೀರು ಬಿತ್ತು. ಮೊದಲಿನಷ್ಟೇ ಬೆಚ್ಚಗಿತ್ತು, ಆದರೆ ಈ ಸಲ ನೆತ್ತಿಗೆ ಬಡಿದು ಸಿಡಿಯಿತು. ಅವನು ಕಣ್ಣು ತೆರೆದ. ಶಾರದಾಬಾಯಿ ಒಂದು ಹೆಜ್ಜೆ ಹಿಂದೆ ಸರಿದು, ಎಡಗೈಯಲ್ಲಿ ಸೀರೆಯ ನಿರಿಗೆ ಒತ್ತಿ ಹಿಡಿದು, ಬಲಗೈಯನ್ನು ತೋಳಿನುದ್ದಕ್ಕೂ ಮೇಲಕ್ಕೆತ್ತಿ ಅಷ್ಟು ಎತ್ತರದಿಂದ ಸುರಿಯುತ್ತಿದ್ದಳು. ಕೆನ್ನೆಯ ಮೇಲೆ ಅವಳ ಕಣ್ಣೀರು ಇಳಿಯುತ್ತಲೇ ಇತ್ತು.

"ಕಿವಿ ಹಿಂದ ತಿಕ್ಕೋ," ಎಂದಳು, ಮೊದಲಿನ ದನಿಯಲ್ಲೇ.

ಗುರಣ್ಣ ತನ್ನ ಕೈಯಿಂದ ತಾನೇ ತಿಕ್ಕಿಕೊಂಡ.